ಮಚ್ಚೆ ಇದ್ದಲ್ಲಿಗಷ್ಟೇ ಬೆಳಕು: ತೊನ್ನಿಗೆ ಲೈಟ್ ಚಿಕಿತ್ಸೆ ಕೊಡಿಸುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಮನೆಯಲ್ಲಿ ನೂರು ಪುಟದ ಒಂದು ನೋಟ್‌ಬುಕ್ ಇದೆ. ನೀಲಿ ರಟ್ಟು. ಒಳಗೆ ಸ್ಕೇಲ್ ಇಟ್ಟು ಎಳೆದ ಐದು ಕಾಲಂ: ತಾರೀಕು, ಜಾಗ, ಡೋಸ್, ಮಾರನೇ ದಿನದ ಬಣ್ಣ, ವಿಶೇಷ. ಮಗಳಿಗೆ ಒಂಬತ್ತು ವರ್ಷ ಇದ್ದಾಗ ಬಲಗೆನ್ನೆ ಮೇಲೆ ಎಂಟಾಣೆ ಅಗಲದ ಬಿಳಿ ಮಚ್ಚೆ ಕಾಣಿಸಿತು. ಆರು ತಿಂಗಳಲ್ಲಿ ಎರಡೂ ಕೈಯ ಬೆರಳ ಗೆಣ್ಣುಗಳ ಮೇಲೂ ಬಂತು. ಚರ್ಮದ ಡಾಕ್ಟರು ನೋಡಿ ತೊನ್ನು ಎಂದರು. ಮಚ್ಚೆ ಕಮ್ಮಿ ಇರುವುದರಿಂದ ಆ ಜಾಗಕ್ಕಷ್ಟೇ ಲೈಟ್ ಕೊಡೋಣ ಎಂದರು. ಆಮೇಲೆ ವಾರಕ್ಕೆರಡು ಸಲದಂತೆ ಓಡಾಡಿದ ದಿನಗಳ ಲೆಕ್ಕವೆಲ್ಲ ಆ ನೋಟ್‌ಬುಕ್‌ನಲ್ಲಿದೆ.

ಈ ಚಿಕಿತ್ಸೆಗೆ ಒಳ್ಳೆಯ ಮಷಿನ್ ಬೇಕು, ತಿಳಿದ ಡಾಕ್ಟರು ಬೇಕು. ಅವೆರಡೂ ಇದ್ದು ಲೆಕ್ಕ ತಪ್ಪಿದರೆ ಚರ್ಮ ಸುಡುತ್ತದೆ, ಇಲ್ಲವೇ ತಿಂಗಳುಗಟ್ಟಲೆ ಓಡಾಡಿದರೂ ಬಣ್ಣ ಬರುವುದಿಲ್ಲ. ಆ ಲೆಕ್ಕ ಇಡಬೇಕಾದವರು ಮನೆಯವರೇ. ಮೊದಲ ದಿನವೇ ಯಾರಾದರೂ ನನಗೆ ಇದನ್ನು ಕೂರಿಸಿ ಹೇಳಿದ್ದರೆ ಮಗಳು ಒಂದು ಸಲ ಅನುಭವಿಸಿದ ಉರಿ ತಪ್ಪುತ್ತಿತ್ತು. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಡೋಸ್ ನಿರ್ಧಾರ ಯಾವತ್ತೂ ನಿಮ್ಮ ಚರ್ಮದ ಡಾಕ್ಟರದ್ದೇ.

ಬೆಳಕು ಅಲ್ಲಿ ಏನು ಮಾಡುತ್ತದೆ?

ತೊನ್ನಿನಲ್ಲಿ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಬಣ್ಣದ ಕಣಗಳ (ಅಂದರೆ ಜೀವಕೋಶಗಳ) ಮೇಲೆ ತಿರುಗಿ ಬೀಳುತ್ತದೆ. ಬಣ್ಣ ಮಾಡುವ ಕಣ ಸತ್ತ ಜಾಗ ಬೆಳ್ಳಗಾಗುತ್ತದೆ. ಸರಿಯಾದ ಅಳತೆಯ ನೇರಳಾತೀತ ಬೆಳಕು ಅಲ್ಲಿ ಎರಡು ಕೆಲಸ ಮಾಡುತ್ತದೆ. ಒಂದು, ಆ ಜಾಗದಲ್ಲಿ ದಾಳಿ ಮಾಡುತ್ತಿರುವ ಕಣಗಳನ್ನು ತಣ್ಣಗಾಗಿಸುತ್ತದೆ. ಎರಡು, ಕೂದಲ ಬುಡದಲ್ಲಿ ಅಡಗಿ ಉಳಿದಿರುವ ಬಣ್ಣದ ಮೂಲಕಣಗಳನ್ನು ಎಬ್ಬಿಸಿ ಮೇಲಕ್ಕೆ ಬರುವಂತೆ ಮಾಡುತ್ತದೆ. ಈ ಎರಡನೇ ಮಾತನ್ನು ಚೆನ್ನಾಗಿ ನೆನಪಿಡಿ. ಎಲ್ಲಿ ಬಣ್ಣ ಬರುತ್ತದೆ, ಎಲ್ಲಿ ಬರುವುದಿಲ್ಲ ಎನ್ನುವುದಕ್ಕೆ ಮುಖ್ಯ ಕಾರಣ ಅದೇ.

ಬೆಳಕಿನಿಂದ ಚರ್ಮ ಗುಣಪಡಿಸುವುದು ಹೊಸದಲ್ಲ. ಬಾವಂಚಿ ಬೀಜ ತೇಯ್ದು ಹಚ್ಚಿ ಬಿಸಿಲಿಗೆ ಕೂರಿಸುವುದು ನಮ್ಮಲ್ಲಿ ಬಹಳ ಹಳೆಯ ಪದ್ಧತಿ. ಅದರಲ್ಲಿರುವ ಸೊರಾಲೆನ್ ಎಂಬ ವಸ್ತುವಿಗೆ ಆ ಹೆಸರು ಬಂದದ್ದೇ ಆ ಗಿಡದ ಲ್ಯಾಟಿನ್ ಹೆಸರಿನಿಂದ. ಚರ್ಮದ ಕ್ಷಯಕ್ಕೆ ಬೆಳಕನ್ನು ಒಂದೆಡೆ ಸೇರಿಸಿ ಹಾಯಿಸಿದ ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್ ಅವರಿಗೆ 1903ರಲ್ಲಿ ನೊಬೆಲ್ ಬಂತು. 1981ರಲ್ಲಿ ಪ್ಯಾರಿಷ್ ಮತ್ತು ಯೆನಿಕೆ ಎಂಬ ಇಬ್ಬರು ಸಂಶೋಧಕರು ಸೋರಿಯಾಸಿಸ್ (ಚರ್ಮ ದಪ್ಪಗಟ್ಟಿ ಹೊಟ್ಟು ಏಳುವ ರೋಗ) ಮೇಲೆ ಬೇರೆ ಬೇರೆ ಉದ್ದದ ಬೆಳಕಿನ ಅಲೆಗಳನ್ನು ಹಾಯಿಸಿ ನೋಡಿದರು. ಸುಮಾರು 295 ನ್ಯಾನೋಮೀಟರ್‌ಗಿಂತ ಕೆಳಗಿನ ಅಲೆ ಚರ್ಮ ಸುಡುತ್ತದೆಯೇ ಹೊರತು ರೋಗ ಇಳಿಸುವುದಿಲ್ಲ, ಗುಣ ಇರುವುದು ಅದರ ಮೇಲಿನ ಸಣ್ಣ ಪಟ್ಟಿಯಲ್ಲಿ ಎಂದು ಕಂಡುಕೊಂಡರು. ಆಮೇಲೆ ಬಂದದ್ದು 311 ನ್ಯಾನೋಮೀಟರ್ ಆಸುಪಾಸಿನ ಬೆಳಕನ್ನಷ್ಟೇ ಕೊಡುವ ಟ್ಯೂಬ್. ಇದನ್ನು ನ್ಯಾರೋಬ್ಯಾಂಡ್ ಯುವಿಬಿ ಎನ್ನುತ್ತಾರೆ. ಯುವಿ ಅಂದರೆ ನೇರಳಾತೀತ ಬೆಳಕು, ಯುವಿಬಿ ಅದರ ಒಂದು ಬಗೆ. 1997ರಲ್ಲಿ ಹಂಗೇರಿಯ ಡಾಕ್ಟರುಗಳು 308 ನ್ಯಾನೋಮೀಟರಿನ ಎಕ್ಸೈಮರ್ ಲೇಸರನ್ನು ಸೋರಿಯಾಸಿಸ್ ಮೇಲೆ ಬಳಸಿದ ವರದಿ ಪ್ರಕಟಿಸಿದರು. ಮಚ್ಚೆ ಇದ್ದಲ್ಲಿಗಷ್ಟೇ ಬೆಳಕು ಕೊಡುವ ಈಗಿನ ಮಷಿನ್‌ಗಳಲ್ಲಿ ಮುಖ್ಯವಾದದ್ದು ಇದೇ.

ಮೊದಲ ಹೆಜ್ಜೆ: ಅದು ತೊನ್ನೇ ಹೌದಾ?

ಎಲ್ಲ ಬಿಳಿ ಮಚ್ಚೆಯೂ ತೊನ್ನಲ್ಲ. ಮಕ್ಕಳ ಕೆನ್ನೆಯಲ್ಲಿ ಮಾಸಲು ಬಿಳಿ, ಸ್ವಲ್ಪ ಹೊಟ್ಟು ಏಳುವ ಕಲೆ ಬರುತ್ತದೆ. ಹೊಟ್ಟೆಹುಳ ಎಂದು ಎಲ್ಲರೂ ಹೇಳುತ್ತಾರಲ್ಲ, ಅದು ಒಣಚರ್ಮದ ತೊಂದರೆ, ತಾನಾಗಿ ಹೋಗುತ್ತದೆ. ಬೆನ್ನು, ಕತ್ತಿನ ಮೇಲಿನ ಚಿಬ್ಬು ಒಂದು ಬಗೆಯ ಬೂಷ್ಟಿನ ಸೋಂಕು. ಅದಕ್ಕೆ ಬೇರೆ ಔಷಧಿ. ಕುಷ್ಠದ ಕಲೆ ಮಾಸಲಾಗಿದ್ದು, ಸಾಮಾನ್ಯವಾಗಿ ಅಲ್ಲಿ ಮುಟ್ಟಿದ್ದು ಸರಿಯಾಗಿ ಗೊತ್ತಾಗುವುದಿಲ್ಲ. ತೊನ್ನಿನ ಮಚ್ಚೆ ಸುಣ್ಣದ ಹಾಗೆ ಬೆಳ್ಳಗಿದ್ದು, ಸ್ಪರ್ಶ ಮಾಮೂಲಾಗಿಯೇ ಇರುತ್ತದೆ. ಅದು ಅಂಟುವ ರೋಗವಂತೂ ಅಲ್ಲವೇ ಅಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ, ಒಂದೇ ಹಾಸಿಗೆಯಲ್ಲಿ ಮಲಗಿದರೂ ಬರುವುದಿಲ್ಲ. ಮೀನು ತಿಂದು ಹಾಲು ಕುಡಿದದ್ದಕ್ಕೆ ಬಂತು ಎಂದು ನಮ್ಮತ್ತೆ ತುಂಬ ದಿನ ಕೊರಗಿದರು. ಡಾಕ್ಟರೇ ಅವರನ್ನು ಎದುರು ಕೂರಿಸಿಕೊಂಡು, "ಹಾಗೇನಿಲ್ಲಮ್ಮ, ನೀವು ಕೊಟ್ಟ ಊಟದಿಂದ ಬಂದಿದ್ದಲ್ಲ" ಎಂದ ಮೇಲೆ ಅವರ ಕಣ್ಣು ತುಂಬಿತು. ಈ ಮಾತನ್ನು ಮನೆಯ ಹಿರಿಯರಿಗೆ ಡಾಕ್ಟರ ಬಾಯಿಂದಲೇ ಹೇಳಿಸಿ. ಮಗುವಿನ ಮೇಲೆ ಬೀಳುವ ಮಾತು ಕಮ್ಮಿಯಾಗುತ್ತದೆ.

ಕತ್ತಲ ಕೋಣೆಯಲ್ಲಿ ವುಡ್ಸ್ ಲ್ಯಾಂಪ್ ಎಂಬ ನೇರಳಾತೀತ ದೀಪ ಹಿಡಿದು ನೋಡಿಸಿ. ತೊನ್ನಿನ ಮಚ್ಚೆ ನೀಲಿಬಿಳಿಯಾಗಿ ಹೊಳೆಯುತ್ತದೆ, ಬರಿಗಣ್ಣಿಗೆ ಕಾಣದ ಮಚ್ಚೆಯೂ ಕಾಣುತ್ತದೆ. ಮಗಳ ಗೆಣ್ಣುಗಳ ಮೇಲೆ ನಮಗೆ ಕಂಡದ್ದು ನಾಲ್ಕು, ಆ ದೀಪದಲ್ಲಿ ಕಂಡದ್ದು ಏಳು. ಥೈರಾಯಿಡ್ ಪರೀಕ್ಷೆಯನ್ನೂ ಮಾಡಿಸಿ. ತೊನ್ನು ಇರುವವರಲ್ಲಿ ಥೈರಾಯಿಡ್ ತೊಂದರೆ ಬೇರೆಯವರಿಗಿಂತ ಜಾಸ್ತಿ.

ಇನ್ನೊಂದು ಮುಖ್ಯ ಪ್ರಶ್ನೆ: ಮಚ್ಚೆ ಈಗ ಹರಡುತ್ತಿದೆಯಾ, ನಿಂತಿದೆಯಾ? ವೇಗವಾಗಿ ಹರಡುತ್ತಿದ್ದರೆ ಇದ್ದ ಮಚ್ಚೆಗಷ್ಟೇ ಲೈಟ್ ಕೊಟ್ಟು ಪ್ರಯೋಜನ ಕಮ್ಮಿ. ಪಕ್ಕದಲ್ಲಿ ಹೊಸದು ಬರುತ್ತಲೇ ಇರುತ್ತದೆ. ಆಗ ಮೊದಲು ಹರಡುವುದನ್ನು ನಿಲ್ಲಿಸುವ ಔಷಧಿ ಕೊಡುತ್ತಾರೆ, ಅಥವಾ ಇಡೀ ಮೈಗೆ ಬೆಳಕು ಬೀಳುವ ಕ್ಯಾಬಿನ್‌ನಲ್ಲಿ ನಿಲ್ಲಿಸುತ್ತಾರೆ.

ಯಾರಿಗೆ ಇದು ಸರಿ, ಯಾರಿಗೆ ಬೇಡ?

ಅಂಗೈಯಲ್ಲಿ ಅಳೆಯಿರಿ. ಬೆರಳೂ ಸೇರಿ ರೋಗಿಯ ಒಂದು ಅಂಗೈ ಅಂದರೆ ಅವರ ಮೈಯ ಸುಮಾರು ನೂರರಲ್ಲಿ ಒಂದು ಪಾಲು. ಮಚ್ಚೆಗಳೆಲ್ಲ ಸೇರಿ ಹತ್ತು ಅಂಗೈಗಿಂತ ಕಮ್ಮಿ ಇದ್ದರೆ ಸಾಮಾನ್ಯವಾಗಿ ಜಾಗಕ್ಕಷ್ಟೇ ಬೆಳಕು ಕೊಡುವುದನ್ನು ಯೋಚಿಸುತ್ತಾರೆ. ಅದಕ್ಕಿಂತ ಜಾಸ್ತಿ ಇದ್ದರೆ ಕ್ಯಾಬಿನ್ ವಾಸಿ. ಜಾಗಕ್ಕಷ್ಟೇ ಕೊಡುವುದರ ದೊಡ್ಡ ಲಾಭ, ಸುತ್ತಲಿನ ಒಳ್ಳೆಯ ಚರ್ಮಕ್ಕೆ ಬೆಳಕಿನ ಹೊರೆ ಬೀಳುವುದಿಲ್ಲ. ಇಡೀ ಮೈ ಕಪ್ಪಾಗುವುದೂ ಇಲ್ಲ.

ಲೂಪಸ್, ಪೋರ್ಫಿರಿಯಾ, ಝೀರೋಡರ್ಮಾ ಪಿಗ್ಮೆಂಟೋಸಮ್‌ನಂಥ ಬಿಸಿಲು ಆಗದ ಕಾಯಿಲೆ ಇದ್ದರೆ ಇದು ಬೇಡ. ಹಿಂದೆ ಚರ್ಮದ ಕ್ಯಾನ್ಸರ್ ಆಗಿದ್ದರೆ ಮುಚ್ಚಿಡದೆ ಹೇಳಿ. ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನೆಲ್ಲ ಒಂದು ಕವರಿಗೆ ಹಾಕಿಕೊಂಡು ಹೋಗಿ ತೋರಿಸಿ. ಮೊಡವೆಗೆ ಕೊಡುವ ಡಾಕ್ಸಿಸೈಕ್ಲಿನ್, ಬಿಪಿಗೆ ಕೊಡುವ ಹೈಡ್ರೋಕ್ಲೋರೋಥಯಾಜೈಡ್ ಇಂಥವು ಚರ್ಮ ಬೇಗ ಸುಡುವ ಹಾಗೆ ಮಾಡುತ್ತವೆ. ಬಸುರಿಯರಿಗೆ ನ್ಯಾರೋಬ್ಯಾಂಡ್ ಯುವಿಬಿ ಕೊಡಬಹುದು. ಸೊರಾಲೆನ್ ಮಾತ್ರೆ ನುಂಗಿ ಬೆಳಕಿಗೆ ಒಡ್ಡುವ ಹಳೆಯ ಪದ್ಧತಿ ಮಾತ್ರ ಅವರಿಗೆ ಕೂಡದು.

ಕ್ಯಾನ್ಸರ್ ಭಯ ಎಲ್ಲರಿಗೂ ಇರುತ್ತದೆ, ನನಗೂ ಇತ್ತು. ಸೊರಾಲೆನ್ ಪದ್ಧತಿಯಲ್ಲಿ ನೂರಾರು ಸಲ ಬೆಳಕು ತೆಗೆದುಕೊಂಡವರಲ್ಲಿ, ಅದರಲ್ಲೂ ಬಿಳಿ ಚರ್ಮದವರಲ್ಲಿ, ಚರ್ಮದ ಕ್ಯಾನ್ಸರ್ ಹೆಚ್ಚಿದ್ದು ನಿಜ. ನ್ಯಾರೋಬ್ಯಾಂಡ್ ಯುವಿಬಿಯಲ್ಲಿ ಅಂಥ ಸ್ಪಷ್ಟ ಏರಿಕೆ ಇದುವರೆಗೆ ಕಂಡಿಲ್ಲ. ಹಾಗಂತ ಲೆಕ್ಕವಿಲ್ಲದೆ ವರ್ಷಗಟ್ಟಲೆ ಕೊಡಿಸುತ್ತಲೇ ಇರುವುದು ಸರಿಯಲ್ಲ. ಒಟ್ಟು ಎಷ್ಟು ಸಿಟ್ಟಿಂಗ್, ಅಂದರೆ ಎಷ್ಟು ಸಲ ಬೆಳಕು ಕೊಟ್ಟದ್ದು, ಆಯಿತು ಎನ್ನುವ ಅಂಕಿ ನಿಮ್ಮ ಬಳಿ ಇರಲಿ.

ಬಣ್ಣ ಎಲ್ಲಿ ಬರುತ್ತದೆ?

ಇದನ್ನು ಶುರು ಮಾಡುವ ಮುಂಚೆಯೇ ತಿಳಿದಿರಬೇಕು. ಮುಖ, ಕತ್ತು ಚೆನ್ನಾಗಿ ಒಲಿಯುತ್ತವೆ. ತೋಳು, ಕಾಲು, ಬೆನ್ನು ಮಧ್ಯಮ. ಬೆರಳ ತುದಿ, ಗೆಣ್ಣು, ಪಾದ, ತುಟಿ ಬಹಳ ಕಷ್ಟ. ಕಾರಣ ಮೊದಲೇ ಹೇಳಿದೆ: ಹೊಸ ಬಣ್ಣ ಬರುವುದು ಕೂದಲ ಬುಡದಿಂದ. ಕೂದಲಿಲ್ಲದ ಕಡೆ ಮೂಲಕಣದ ದಾಸ್ತಾನೇ ಇಲ್ಲ. ಮಚ್ಚೆಯೊಳಗಿನ ಕೂದಲೂ ಬೆಳ್ಳಗಾಗಿದ್ದರೆ ಆ ದಾಸ್ತಾನು ಖಾಲಿಯಾಗಿದೆ ಎಂದು ಅರ್ಥ. ಅಂಥ ಕಡೆ ಮಚ್ಚೆ ನಿಂತು ಒಂದು ವರ್ಷವಾದ ಮೇಲೆ ಶಸ್ತ್ರಚಿಕಿತ್ಸೆಯಿಂದ ಬಣ್ಣದ ಕಣ ಕಸಿ ಮಾಡುವ ದಾರಿ ಇದೆ. ಭೂತಗನ್ನಡಿ ಹಿಡಿದು ಮಚ್ಚೆಯ ಮೇಲಿನ ಸಣ್ಣ ಕೂದಲ ಬಣ್ಣ ನೋಡಿ. ಡಾಕ್ಟರ ಬಳಿ ಕೇಳಬೇಕಾದ ಮೊದಲ ಪ್ರಶ್ನೆ ಅಲ್ಲೇ ಸಿಗುತ್ತದೆ.

ಎಲ್ಲಿ ಕೊಡಿಸುವುದು, ಏನು ಕೇಳುವುದು?

ಹಲವು ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಚರ್ಮ ವಿಭಾಗದಲ್ಲಿ ಲೈಟ್ ಚಿಕಿತ್ಸೆ ಇರುತ್ತದೆ. ಮೊದಲು ಅಲ್ಲಿ ವಿಚಾರಿಸಿ. ಖರ್ಚಿನ ಮಾತು ಬಂದಾಗ ಒಂದು ಸಿಟ್ಟಿಂಗ್‌ನ ದರ ಕೇಳಿ ಸುಮ್ಮನಾಗಬೇಡಿ. ಅದನ್ನು 48ರಿಂದ ಗುಣಿಸಿ. ಬಸ್ ಚಾರ್ಜು, ರಜೆ ಹಾಕಿದ ದಿನದ ಕೂಲಿಯನ್ನೂ ಸೇರಿಸಿ. ಯಾಕೆ 48? ಅಷ್ಟು ಸಿಟ್ಟಿಂಗ್ ಆಗುವವರೆಗೆ ನ್ಯಾರೋಬ್ಯಾಂಡ್ ಯುವಿಬಿ ಕೆಲಸ ಮಾಡಿಲ್ಲ ಎಂದು ತೀರ್ಮಾನಿಸಬಾರದು ಎನ್ನುತ್ತಾರೆ ತಜ್ಞರು. ನಿಧಾನವಾಗಿ ಒಲಿಯುವವರಿಗೆ 72ರವರೆಗೂ ಕಾಯಬೇಕಾಗಬಹುದು. ಹತ್ತು ಸಿಟ್ಟಿಂಗ್‌ಗೆ ದುಡ್ಡು ಹೊಂದಿಸಿ ಶುರು ಮಾಡಿ, ಅರ್ಧಕ್ಕೆ ಬಿಟ್ಟವರನ್ನು ಕಾಯುವ ಬೆಂಚಿನ ಮೇಲೆ ಎಷ್ಟೋ ಜನರನ್ನು ನೋಡಿದ್ದೇನೆ. ದೂರದ ದೊಡ್ಡ ಆಸ್ಪತ್ರೆಗಿಂತ ವಾರಕ್ಕೆರಡು ಸಲ ತಪ್ಪದೆ ಹೋಗಿಬರಲು ಆಗುವ ಹತ್ತಿರದ ಜಾಗ ಮೇಲು.

ಮೂರು ಪ್ರಶ್ನೆ ಕೇಳಿ. ಮಷಿನ್ ಯಾವುದು: 308ರ ಎಕ್ಸೈಮರಾ, 311ರ ನ್ಯಾರೋಬ್ಯಾಂಡಾ? ಅದರ ಬೆಳಕಿನ ಬಲವನ್ನು ಆಗಾಗ ಅಳೆಯುತ್ತೀರಾ? ಪ್ರತಿ ಸಲದ ಡೋಸ್ ನನಗೆ ಬರೆದುಕೊಡುತ್ತೀರಾ? ಮೂರನೆಯದಕ್ಕೆ ಹೂಂ ಎನ್ನದ ಕಡೆ ನಾನಂತೂ ಹೋಗುವುದಿಲ್ಲ.

ಸಿಟ್ಟಿಂಗ್ ದಿನ

ಬೆಳಿಗ್ಗೆ ಸ್ನಾನ ಮಾಡಿಸಿ, ಮಚ್ಚೆಯ ಮೇಲೆ ಏನನ್ನೂ ಹಚ್ಚದೆ ಕರೆದುಕೊಂಡು ಹೋಗಿ. ಪೌಡರ್, ಸೆಂಟು, ಸನ್‌ಸ್ಕ್ರೀನ್, ಔಷಧಿ ಕ್ರೀಮ್ ಯಾವುದೂ ಬೇಡ. ಕೆಲವು ಬೆಳಕನ್ನು ತಡೆಯುತ್ತವೆ, ಕೆಲವು ಸುಡಿಸುತ್ತವೆ. ಚಿಕಿತ್ಸೆ ನಡೆಯುವಷ್ಟು ದಿನವೂ ಬಾವಂಚಿ ಎಣ್ಣೆ ಬೇಡವೇ ಬೇಡ. ನಿಂಬೆರಸವನ್ನೂ ಮಚ್ಚೆಗೆ ತಾಗಿಸಬೇಡಿ. ಎರಡರಲ್ಲೂ ಬೆಳಕು ಬಿದ್ದರೆ ಬೊಬ್ಬೆ ಏಳಿಸುವ ವಸ್ತು ಇದೆ. ಬಾವಂಚಿ ಹಚ್ಚಿ ಬಿಸಿಲಲ್ಲಿ ಕೂತು ಕೈಯೆಲ್ಲ ಬೊಬ್ಬೆ ಬಂದವರು ಚರ್ಮದ ಡಾಕ್ಟರ ಹತ್ತಿರ ಆಗಾಗ ಬರುತ್ತಿರುತ್ತಾರೆ.

ಕಣ್ಣಿಗೆ ಯುವಿ ತಡೆಯುವ ಕನ್ನಡಕ ಹಾಕದೆ ಸ್ವಿಚ್ ಒತ್ತಲು ಬಿಡಬೇಡಿ. ಮಗುವಿಗೂ, ಪಕ್ಕದಲ್ಲಿ ಕೂತ ನಿಮಗೂ, ಮಷಿನ್ ಹಿಡಿದವರಿಗೂ. ರೆಪ್ಪೆಯ ಮೇಲೇ ಮಚ್ಚೆ ಇದ್ದರೆ ಕಣ್ಣು ಬಿಗಿಯಾಗಿ ಮುಚ್ಚಿಸಿ ಕೊಡುತ್ತಾರೆ. ಅದನ್ನು ಡಾಕ್ಟರು ಎದುರಿಗಿದ್ದೇ ಮಾಡಬೇಕು.

ಮಚ್ಚೆಯ ಅಂಚಿನಿಂದಾಚೆಗೆ ಬೆಳಕು ಹರಿದರೆ ಸುತ್ತ ಒಂದು ಕಪ್ಪು ಬಳೆ ಕಟ್ಟುತ್ತದೆ. ಬಿಳಿ ಇನ್ನೂ ಎದ್ದು ಕಾಣುತ್ತದೆ. ಹಾಗಾಗಿ ಅಂಚಿಗೆ ಝಿಂಕ್ ಕ್ರೀಮ್ ಹಚ್ಚಿ, ಇಲ್ಲವೇ ತೂತು ಮಾಡಿದ ದಪ್ಪ ಬಟ್ಟೆ ಇಟ್ಟು ಕೊಡುತ್ತಾರೆ. ಮಷಿನ್‌ನ ಮೂತಿ ಚಿಕ್ಕದಿದ್ದು ಮಚ್ಚೆ ದೊಡ್ಡದಿದ್ದರೆ ಪಕ್ಕಪಕ್ಕದಲ್ಲಿ ಇಟ್ಟು ಕೊಡಬೇಕಾಗುತ್ತದೆ. ಒಂದರ ಮೇಲೊಂದು ಬಿದ್ದ ಜಾಗಕ್ಕೆ ಎರಡು ಪಟ್ಟು ಡೋಸ್ ಆಗುತ್ತದೆ. ಅದನ್ನು ಕಣ್ಣಿಟ್ಟು ನೋಡಿ.

ಬೆಳಕು ಬೀಳುವುದು ಕೆಲವೇ ಸೆಕೆಂಡು. ನೋವಿಲ್ಲ, ಹೆಚ್ಚೆಂದರೆ ಸ್ವಲ್ಪ ಬೆಚ್ಚಗೆ. "ಪುಟ್ಟಾ, ಕಣ್ಮುಚ್ಚಿ ಹತ್ತು ಎಣಿಸು" ಎನ್ನುತ್ತಿದ್ದರು ಟೆಕ್ನಿಷಿಯನ್ ಅಕ್ಕ. ಮಗಳು ಎಣಿಸುವುದು ಏಳಕ್ಕೆ ಬರುವಷ್ಟರಲ್ಲಿ ಟಕ್ ಎಂದು ಮಷಿನ್ ನಿಲ್ಲುತ್ತಿತ್ತು. ಮೂರು ತಿಂಗಳಾದ ಮೇಲೆ ಇಪ್ಪತ್ತರವರೆಗೂ ಎಣಿಸುತ್ತಿದ್ದಳು. ಡೋಸ್ ಏರಿದೆ ಎಂದು ಅವಳಿಗೇ ಗೊತ್ತಾಗುತ್ತಿತ್ತು.

ನೋಟ್‌ಬುಕ್‌ನಲ್ಲಿ ಏನು ಬರೆಯಬೇಕು?

ಸೆಕೆಂಡ್ ಬರೆದುಕೊಂಡರೆ ಸಾಲದು. ಡೋಸನ್ನು ಮಿಲಿಜೌಲ್‌ನಲ್ಲಿ ಬರೆದುಕೊಳ್ಳಿ. ಚದರ ಸೆಂಟಿಮೀಟರಿಗೆ ಇಷ್ಟು ಮಿಲಿಜೌಲ್ ಎಂಬುದೇ ನಿಜವಾದ ಅಳತೆ. ದೀಪ ಹಳೆಯದಾದಂತೆ ಅದರ ಬಲ ಕುಗ್ಗುತ್ತದೆ, ಅದೇ ಡೋಸ್‌ಗೆ ಜಾಸ್ತಿ ಸೆಕೆಂಡ್ ಬೇಕಾಗುತ್ತದೆ. ಹೊಸ ದೀಪ ಹಾಕಿದ ದಿನ ಹಳೆಯ ಸೆಕೆಂಡಿನ ಲೆಕ್ಕದಲ್ಲೇ ಕೊಟ್ಟರೆ ಚರ್ಮ ಸುಡುತ್ತದೆ. ಕೆನ್ನೆ, ಕೈ, ರೆಪ್ಪೆ ಪ್ರತಿಯೊಂದಕ್ಕೂ ಬೇರೆ ಡೋಸ್ ಇರುತ್ತದೆ, ಬೇರೆ ಸಾಲಿನಲ್ಲೇ ಬರೆಯಿರಿ. ರೆಪ್ಪೆ ಕಮ್ಮಿ ತಡೆಯುತ್ತದೆ, ಕೈಕಾಲು ಜಾಸ್ತಿ ತಡೆಯುತ್ತವೆ.

2017ರಲ್ಲಿ ವಿಟಿಲಿಗೋ (ತೊನ್ನಿನ ಇಂಗ್ಲಿಷ್ ಹೆಸರು) ತಜ್ಞರ ಗುಂಪೊಂದು ನ್ಯಾರೋಬ್ಯಾಂಡ್ ಯುವಿಬಿಗೆ ಒಂದು ಕ್ರಮ ಪ್ರಕಟಿಸಿತು. ಅದರಲ್ಲಿ ಶುರು ಮಾಡುವುದು 200 ಮಿಲಿಜೌಲ್‌ನಿಂದ. ಪ್ರತಿ ಸಲ ನೂರಕ್ಕೆ ಹತ್ತರಿಂದ ಇಪ್ಪತ್ತರಷ್ಟು ಏರಿಸುತ್ತ ಹೋಗುವುದು. ವಾರಕ್ಕೆ ಮೂರು ಸಲವಾದರೆ ಒಳ್ಳೆಯದು, ಎರಡಾದರೂ ಆಗುತ್ತದೆ. ಎರಡು ಸಿಟ್ಟಿಂಗ್ ಎಂದೂ ಬೆನ್ನುಬೆನ್ನಿಗೆ ಬರಬಾರದು, ನಡುವೆ ಒಂದು ದಿನವಾದರೂ ಬಿಡುವು ಬೇಕು. ಎಕ್ಸೈಮರ್‌ನ ಅಂಕಿಗಳು ಮಷಿನ್‌ನಿಂದ ಮಷಿನ್‌ಗೆ ಬೇರೆ, ಆದರೆ ಕಮ್ಮಿಯಿಂದ ಶುರು ಮಾಡಿ ಮೆಲ್ಲಗೆ ಏರಿಸುವ ಕ್ರಮ ಅದೇ.

ಎಷ್ಟು ಏರಿಸಬೇಕು ಎನ್ನುವುದನ್ನು ಹೇಳುವುದು ನಾಲ್ಕನೇ ಕಾಲಂ, ಮಾರನೇ ದಿನದ ಬಣ್ಣ. ಯುವಿಯ ಕೆಂಪು ಕೂಡಲೇ ಕಾಣುವುದಿಲ್ಲ. ಕೆಲವು ಗಂಟೆ ಬಿಟ್ಟು ಶುರುವಾಗಿ, ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಯೊಳಗೆ ಪೂರ್ತಿ ಕಾಣುತ್ತದೆ. ಹಾಗಾಗಿ ಕ್ಲಿನಿಕ್‌ನಿಂದ ಹೊರಡುವಾಗ ಏನೂ ಆಗಿಲ್ಲ ಎಂದು ನೆಮ್ಮದಿ ಪಟ್ಟರೆ ಸಾಲದು. ಮಾರನೇ ದಿನ ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ ನೋಡಿ. ಬಿಳಿ ಮಚ್ಚೆ ತಿಳಿಗುಲಾಬಿಯಾಗಿದ್ದು, ಒಂದು ದಿನದೊಳಗೆ ಇಳಿದರೆ ಡೋಸ್ ಸರಿಯಾಗಿದೆ. ಏನೂ ಗುಲಾಬಿ ಬರದಿದ್ದರೆ ಇನ್ನೂ ಏರಿಸಬಹುದು. ಗುಲಾಬಿ ಒಂದು ದಿನ ಕಳೆದರೂ ಇಳಿದಿಲ್ಲವಾದರೆ ಅದು ಇಳಿಯುವವರೆಗೆ ಮುಂದಿನ ಸಿಟ್ಟಿಂಗ್ ಬೇಡ. ಕಡುಗೆಂಪು, ಉರಿ, ಬೊಬ್ಬೆ ಬಂದರೆ ಪೂರ್ತಿ ವಾಸಿಯಾಗುವವರೆಗೆ ನಿಲ್ಲಿಸಿ, ಆಮೇಲೆ ಚರ್ಮ ತಡೆದುಕೊಂಡಿದ್ದ ಹಿಂದಿನ ಡೋಸ್‌ಗೆ ಇಳಿಸಿ ಶುರು ಮಾಡುತ್ತಾರೆ.

ಸಿಟ್ಟಿಂಗ್ ತಪ್ಪಿದರೆ

ನಮಗೆ ಪೆಟ್ಟು ಬಿದ್ದದ್ದು ಇಲ್ಲೇ. ಹದಿನಾಲ್ಕು ಸಿಟ್ಟಿಂಗ್ ಆಗಿತ್ತು. ಊರಲ್ಲಿ ಮದುವೆ ಬಂತು, ಅಲ್ಲಿಂದ ಬರುವಾಗ ಮಗಳಿಗೆ ಜ್ವರ. ಒಟ್ಟು 24 ದಿನ ತಪ್ಪಿತು. ಮತ್ತೆ ಹೋದ ದಿನ ಕ್ಲಿನಿಕ್‌ನಲ್ಲಿ ಹೊಸಬರು ಇದ್ದರು. ಹಳೆಯ ಡೋಸ್ ನೋಡಿ ಅದನ್ನೇ ಕೊಟ್ಟರು. ಎಷ್ಟು ದಿನ ಬಿಟ್ಟು ಬಂದಿರಿ ಎಂದು ಅವರು ಕೇಳಲಿಲ್ಲ, ಹೇಳಬೇಕೆಂದು ನನಗೂ ಗೊತ್ತಿರಲಿಲ್ಲ. ರಾತ್ರಿ ಹತ್ತರ ಹೊತ್ತಿಗೆ "ಅಮ್ಮಾ, ಕೆನ್ನೆ ಮೇಲೆ ಮೆಣಸಿನಕಾಯಿ ಉಜ್ಜಿದ ಹಾಗಾಗ್ತಿದೆ" ಎಂದಳು. ಬೆಳಿಗ್ಗೆ ಎದ್ದಾಗ ಮಚ್ಚೆಯಷ್ಟೇ ಅಗಲಕ್ಕೆ, ಕತ್ತರಿಸಿ ಅಂಟಿಸಿದ ಹಾಗೆ, ಕೆನ್ನೆ ಟೊಮೇಟೊ ಬಣ್ಣಕ್ಕೆ ತಿರುಗಿತ್ತು. ಸಂಜೆಗೆ ನೀರು ತುಂಬಿದ ಎರಡು ಬೊಬ್ಬೆ. ಹತ್ತು ದಿನ ಶಾಲೆಗೆ ಹೋಗಲಿಲ್ಲ. ಆ ನೋಟ್‌ಬುಕ್ ತಂದದ್ದು ಆ ವಾರ. ಮೊದಲ ಹದಿನಾಲ್ಕು ಸಾಲು ರಸೀದಿಗಳನ್ನು ಹುಡುಕಿ ತುಂಬಿಸಿದ್ದು.

ಬಿಡುವು ಕೊಟ್ಟಷ್ಟೂ ಚರ್ಮ ಬೆಳಕಿನ ಅಭ್ಯಾಸ ಕಳೆದುಕೊಳ್ಳುತ್ತದೆ. ಅದೇ ತಜ್ಞರ ಗುಂಪಿನ ಕ್ರಮದಲ್ಲಿ ಇದಕ್ಕೂ ಲೆಕ್ಕ ಇದೆ. ನಾನು ನೋಟ್‌ಬುಕ್‌ನ ರಟ್ಟಿನ ಒಳಗೇ ಬರೆದಿಟ್ಟಿದ್ದೇನೆ:

4ರಿಂದ 7 ದಿನ ಬಿಟ್ಟರೆ: ಹಿಂದಿನ ಡೋಸೇ, ಏರಿಸುವಂತಿಲ್ಲ.
8ರಿಂದ 14 ದಿನ: ಕಾಲು ಭಾಗ ಇಳಿಸಬೇಕು.
15ರಿಂದ 21 ದಿನ: ಅರ್ಧಕ್ಕೆ ಇಳಿಸಬೇಕು.
21 ದಿನ ದಾಟಿದರೆ: ಮತ್ತೆ ಮೊದಲ ದಿನದ ಡೋಸ್‌ನಿಂದ.

ಕ್ಲಿನಿಕ್‌ಗೆ ಹೋದ ಕೂಡಲೇ ಕೊನೆಯ ತಾರೀಕು ಮತ್ತು ಕೊನೆಯ ಡೋಸನ್ನು ಗಟ್ಟಿಯಾಗಿ ಓದಿ ಹೇಳಿ. ಸಂಕೋಚ ಬೇಡ. ಒಳ್ಳೆಯ ಟೆಕ್ನಿಷಿಯನ್‌ಗೆ ಅದರಿಂದ ಖುಷಿಯೇ ಆಗುತ್ತದೆ.

ಸುಟ್ಟೇಹೋದರೆ ತಣ್ಣೀರಿನ ಬಟ್ಟೆ ಇಡಿ, ಮಂಜುಗಡ್ಡೆ ನೇರವಾಗಿ ಬೇಡ. ಬೊಬ್ಬೆ ಒಡೆಯಬೇಡಿ. ಟೂತ್‌ಪೇಸ್ಟ್, ಅರಿಶಿನ, ಶಾಯಿ ಯಾವುದನ್ನೂ ಬಳಿಯಬೇಡಿ. ಅವತ್ತೇ ಡಾಕ್ಟರಿಗೆ ಫೋಟೊ ಕಳಿಸಿ. ಕಣ್ಣು ಕೆಂಪಾಗಿ ಮರಳು ಬಿದ್ದ ಹಾಗಾದರೆ ಕಣ್ಣಿನ ಡಾಕ್ಟರ ಬಳಿ ಹೋಗಿ.

ರಾಗಿ ಕಾಳು ಕಾಣುವವರೆಗೆ

ಮಚ್ಚೆ ಅಂಚಿನಿಂದ ಮೆಲ್ಲಗೆ ಮುಚ್ಚುತ್ತದೆ ಎಂದು ನಾನು ಅಂದುಕೊಂಡಿದ್ದೆ. ಕೆಲವರಿಗೆ ಹಾಗೂ ಆಗುತ್ತದೆ. ನಮಗೆ ಬಂದದ್ದು ಬೇರೆ ಥರ. 23ನೇ ಸಿಟ್ಟಿಂಗ್ ಆದ ಮಾರನೇ ದಿನ ಕಿಟಕಿ ಹತ್ತಿರ ಕೆನ್ನೆ ನೋಡುತ್ತಿದ್ದೆ. ಬಿಳಿಯ ನಟ್ಟನಡುವೆ ಐದಾರು ಕಂದು ಚುಕ್ಕೆ. ಬಿಳಿ ಬಟ್ಟೆಯ ಮೇಲೆ ರಾಗಿ ಕಾಳು ಚೆಲ್ಲಿದ ಹಾಗೆ. ಕೊಳೆ ಎಂದುಕೊಂಡು ಒದ್ದೆ ಬೆರಳಿಂದ ಉಜ್ಜಿದೆ, ಹೋಗಲಿಲ್ಲ. ಪ್ರತಿ ಚುಕ್ಕೆಯ ನಡುವೆ ಒಂದು ಸಣ್ಣ ಕೂದಲು ಇತ್ತು. ಕೂದಲ ಬುಡದಿಂದ ಬಣ್ಣ ಮೇಲೆ ಬರುತ್ತಿತ್ತು. ಆ ದಿನದ "ವಿಶೇಷ" ಕಾಲಂನಲ್ಲಿ ಮಗಳೇ ತನ್ನ ಕೈಯಿಂದ "ರಾಗಿ 6" ಎಂದು ಬರೆದಳು. ಮುಂದಿನ ವಾರಗಳಲ್ಲಿ ರಾಗಿ ಹನ್ನೊಂದಾಯಿತು, ಇಪ್ಪತ್ತಾಯಿತು. ಆಮೇಲೆ ಒಂದಕ್ಕೊಂದು ಕೂಡಿಕೊಂಡು ಎಣಿಸಲು ಆಗದ ಹಾಗಾಯಿತು.

ಫೋಟೊ ತೆಗೆಯುವುದಕ್ಕೂ ಒಂದು ಕ್ರಮ ಬೇಕು. ತಿಂಗಳಿಗೊಮ್ಮೆ, ಅದೇ ಕಿಟಕಿ, ಅದೇ ಹೊತ್ತು, ಮಚ್ಚೆಯ ಪಕ್ಕ ಒಂದು ಸ್ಕೇಲ್ ಇಟ್ಟು ತೆಗೆಯಿರಿ. ದಿನಾ ತೆಗೆದರೆ ಏನೂ ಬದಲಾಗಿಲ್ಲ ಎನಿಸಿ ಮನಸ್ಸು ಕುಗ್ಗುತ್ತದೆ. ಮಗುವಿನ ಮುಖವನ್ನು ದಿನಕ್ಕೆ ಹತ್ತು ಸಲ ತಿರುಗಿಸಿ ನೋಡುವುದನ್ನೂ ಬಿಡಿ. ಇದನ್ನು ಕಲಿಯಲು ನನಗೆ ಬಹಳ ದಿನ ಬೇಕಾಯಿತು.

ಜೊತೆಗೆ ಹಚ್ಚುವ ಕ್ರೀಮ್, ಬಿಸಿಲು, ಬಿಂದಿ

ಬೆಳಕಿನ ಜೊತೆ ಟ್ಯಾಕ್ರೋಲಿಮಸ್‌ನಂಥ ಮುಲಾಮು ಕೊಟ್ಟರೆ ಬಣ್ಣ ಇನ್ನೂ ಚೆನ್ನಾಗಿ ಬರುತ್ತದೆ. ಅದನ್ನು ಸಿಟ್ಟಿಂಗ್ ಆದ ಮೇಲೆ, ಸಾಮಾನ್ಯವಾಗಿ ರಾತ್ರಿ ಹಚ್ಚಬೇಕು. ಸಿಟ್ಟಿಂಗ್ ದಿನ ಮತ್ತೆ ಬಿಸಿಲಿನಲ್ಲಿ ನಿಲ್ಲಿಸಬೇಡಿ, ಅದೂ ಡೋಸೇ. ಹೊರಗೆ ಹೋಗುವಾಗ ಸನ್‌ಸ್ಕ್ರೀನ್ ಹಚ್ಚಿ, ಸುತ್ತಲ ಚರ್ಮ ಕಪ್ಪಾದಷ್ಟೂ ಮಚ್ಚೆ ಎದ್ದು ಕಾಣುತ್ತದೆ. ಗಾಜಿನ ಕಿಟಕಿಯ ಹಿಂದೆ ಕೂರಿಸಿ ಬಿಸಿಲು ಕಾಯಿಸಿದರೆ ಚಿಕಿತ್ಸೆ ಆಗುವುದಿಲ್ಲ. ಮಾಮೂಲಿ ಗಾಜು ಯುವಿಬಿಯನ್ನು ತಡೆಯುತ್ತದೆ.

ತೊನ್ನು ಇರುವವರ ಚರ್ಮದಲ್ಲಿ ಉಜ್ಜಿದ, ತರಚಿದ ಕಡೆ ಹೊಸ ಮಚ್ಚೆ ಏಳಬಹುದು. ಬಿಗಿ ಲಂಗದ ಲಾಡಿ, ಶೂ ಕಚ್ಚುವ ಜಾಗ, ವಾಚಿನ ಪಟ್ಟಿ ಸಡಿಲ ಮಾಡಿ. ಕೆಲವು ಸ್ಟಿಕರ್ ಬಿಂದಿಗಳ ಅಂಟಿನಲ್ಲಿರುವ ಒಂದು ರಾಸಾಯನಿಕ ಬಣ್ಣದ ಕಣಗಳನ್ನೇ ಕೊಲ್ಲುತ್ತದೆ. ಹಣೆಯ ನಡುವೆ ದುಂಡಗೆ ಬೆಳ್ಳಗಾದವರನ್ನು ನೀವೂ ನೋಡಿರಬಹುದು. ಕೆಲವು ರಬ್ಬರ್ ಚಪ್ಪಲಿಯ ಪಟ್ಟಿಯಿಂದಲೂ ಪಾದದ ಮೇಲೆ ಹೀಗೇ ಆಗುತ್ತದೆ. ಒಂದು ಕಡೆ ಬೆಳಕು ಕೊಡಿಸುತ್ತ ಇನ್ನೊಂದು ಕಡೆ ಇದನ್ನು ಮುಂದುವರಿಸಿದರೆ ಪ್ರಯೋಜನವಿಲ್ಲ.

ಸೋರಿಯಾಸಿಸ್ ಇರುವವರಿಗೆ ನಾಲ್ಕು ಮಾತು

ಮೊಣಕೈ, ಮೊಣಕಾಲಿನ ಮೇಲೆ ಕೆಲವೇ ಕಡೆ ಇದ್ದರೆ ಎಕ್ಸೈಮರ್ ಚೆನ್ನಾಗಿ ಕೆಲಸ ಮಾಡುತ್ತದೆ, ತೊನ್ನಿಗಿಂತ ಬೇಗ. ಅಮೆರಿಕದಲ್ಲಿ 2000ದಲ್ಲೇ ಇದಕ್ಕೆ ಒಪ್ಪಿಗೆ ಸಿಕ್ಕಿದೆ. ಸೋರಿಯಾಸಿಸ್ ಇರುವ ಕಡೆಯ ದಪ್ಪ ಚರ್ಮ ಹೆಚ್ಚು ಡೋಸ್ ತಡೆಯುವುದರಿಂದ ಜೋರಾಗಿಯೇ ಶುರು ಮಾಡುತ್ತಾರೆ. ಹೊಟ್ಟು ಇದ್ದರೆ ಬೆಳಕು ಒಳಗಿಳಿಯುವುದಿಲ್ಲ. ಹಿಂದಿನ ರಾತ್ರಿ ಎಣ್ಣೆ ಹಚ್ಚಿ ನೆನೆಸಿ, ಬೆಳಿಗ್ಗೆ ಮೆತ್ತಗೆ ತೊಳೆದು ಹೋಗಿ. ಸ್ಯಾಲಿಸಿಲಿಕ್ ಆಸಿಡ್ ಮುಲಾಮನ್ನು ಬೆಳಕಿಗೆ ಮುಂಚೆ ಹಚ್ಚಬೇಡಿ, ಅದು ಯುವಿಬಿಯನ್ನು ತಡೆಯುತ್ತದೆ. ಮಚ್ಚೆ ತೆಳ್ಳಗಾದಂತೆ ಡೋಸ್ ಇಳಿಸಬೇಕು, ಇಲ್ಲದಿದ್ದರೆ ಗುಣವಾಗುತ್ತಿರುವ ಚರ್ಮವೇ ಸುಡುತ್ತದೆ.

ಮನೆಯಲ್ಲೇ ಕೊಡಬಹುದಾ?

ಕೈಯಲ್ಲಿ ಹಿಡಿಯುವ ಚಿಕ್ಕ ನ್ಯಾರೋಬ್ಯಾಂಡ್ ದೀಪಗಳು ಸಿಗುತ್ತವೆ. ದೂರದ ಹಳ್ಳಿಯವರಿಗೆ ಇದು ದೊಡ್ಡ ಅನುಕೂಲ. ಬ್ರಿಟನ್ನಿನಲ್ಲಿ 517 ಜನರ ಮೇಲೆ ನಡೆದ ಹೈ-ಲೈಟ್ ಎಂಬ ಅಧ್ಯಯನದಲ್ಲಿ ಇಂಥ ದೀಪವನ್ನು ಸ್ಟಿರಾಯ್ಡ್ ಮುಲಾಮಿನ ಜೊತೆ ಒಂಬತ್ತು ತಿಂಗಳು ಮನೆಯಲ್ಲೇ ಬಳಸಿದರು. ಮಚ್ಚೆ ಈಗ ಅಷ್ಟಾಗಿ ಕಾಣುತ್ತಿಲ್ಲ ಎಂದವರು ಬರೀ ಮುಲಾಮು ಹಚ್ಚಿದವರಲ್ಲಿ ನೂರಕ್ಕೆ 17, ಎರಡನ್ನೂ ಬಳಸಿದವರಲ್ಲಿ 27. ಬಿಟ್ಟ ಮೇಲೆ ಎಷ್ಟೋ ಜನರಿಗೆ ಮಚ್ಚೆ ಮರಳಿತು. ಅಂಕಿ ದೊಡ್ಡದಲ್ಲ, ಆದರೆ ಪ್ರಾಮಾಣಿಕ ಅಂಕಿ. ನೂರಕ್ಕೆ ನೂರು ಗ್ಯಾರಂಟಿ ಎನ್ನುವ ಜಾಹೀರಾತು ನೋಡಿದಾಗ ಇದನ್ನು ನೆನಪಿಸಿಕೊಳ್ಳಿ.

ಡಾಕ್ಟರು ಬರೆದುಕೊಟ್ಟರೆ ಮಾತ್ರ ಕೊಳ್ಳಿ. ಮೊದಲ ಕೆಲವು ಸಿಟ್ಟಿಂಗ್ ಕ್ಲಿನಿಕ್‌ನಲ್ಲಿ ಕೈಹಿಡಿದು ಕಲಿಯಿರಿ. ಟ್ಯೂಬ್ ಮೇಲೆ 311 ನ್ಯಾನೋಮೀಟರ್, ನ್ಯಾರೋಬ್ಯಾಂಡ್ ಯುವಿಬಿ ಎಂದೇ ಇರಬೇಕು. ನೀರು ಶುದ್ಧ ಮಾಡುವ, ಕ್ರಿಮಿ ಕೊಲ್ಲುವ 254 ನ್ಯಾನೋಮೀಟರ್ ದೀಪ, ಉಗುರು ಪಾಲಿಶ್ ಒಣಗಿಸುವ ದೀಪ, ಸೊಳ್ಳೆ ದೀಪ ಇವೂ ಯುವಿ ದೀಪಗಳೇ. ಇವನ್ನು ಮಚ್ಚೆಗೆ ಹಿಡಿದರೆ ಗುಣ ಸಿಗುವುದಿಲ್ಲ, ಕ್ರಿಮಿ ಕೊಲ್ಲುವ ದೀಪವಂತೂ ಚರ್ಮ, ಕಣ್ಣು ಎರಡನ್ನೂ ಸುಡುತ್ತದೆ. ದೀಪವನ್ನು ಮಕ್ಕಳ ಕೈಗೆ ಸಿಗದ ಹಾಗೆ ಬೀಗ ಹಾಕಿಡಿ.

ಯಾವಾಗ ನಿಲ್ಲಿಸುವುದು?

ಬಣ್ಣ ತುಂಬಿದ ದಿನವೇ ನಿಲ್ಲಿಸಬೇಡಿ. ಮೊದಲ ತಿಂಗಳು ವಾರಕ್ಕೆರಡು, ಎರಡನೇ ತಿಂಗಳು ವಾರಕ್ಕೊಂದು, ಮೂರು ಮತ್ತು ನಾಲ್ಕನೇ ತಿಂಗಳು ಎರಡು ವಾರಕ್ಕೊಂದು, ಹೀಗೆ ಇಳಿಸಿ ನಿಲ್ಲಿಸುವ ಕ್ರಮ ಇದೆ. ಆಮೇಲೂ ಟ್ಯಾಕ್ರೋಲಿಮಸ್ ಮುಲಾಮನ್ನು ವಾರಕ್ಕೆರಡು ದಿನ ಹಚ್ಚುತ್ತಿದ್ದರೆ ಮಚ್ಚೆ ಮರಳುವುದು ಕಮ್ಮಿ. 48 ಸಿಟ್ಟಿಂಗ್ ಆದರೂ ಒಂದೇ ಒಂದು ಚುಕ್ಕೆ ಕಾಣದಿದ್ದರೆ ಡಾಕ್ಟರ ಎದುರು ನೋಟ್‌ಬುಕ್ ಇಟ್ಟು ಮಾತಾಡಿ. ಡೋಸ್ ನಿಜವಾಗಿ ಏರಿತ್ತಾ, ದಿನಗಳು ತಪ್ಪಿದ್ದವಾ ಎಂಬುದು ಅದರಲ್ಲೇ ಕಾಣುತ್ತದೆ.

ಮಗಳ ಕೆನ್ನೆ 61ನೇ ಸಿಟ್ಟಿಂಗ್ ಹೊತ್ತಿಗೆ ತುಂಬಿತು. ಮಚ್ಚೆಯ ಅಂಚಿನಲ್ಲಿ ಒಂದು ಬಿಳಿ ಎಳೆ ಉಳಿದಿದೆ, ಹುಡುಕಿದರೆ ಮಾತ್ರ ಕಾಣುತ್ತದೆ. ಗೆಣ್ಣುಗಳ ಮೇಲೆ 48 ಸಿಟ್ಟಿಂಗ್ ಆದರೂ ಹೆಚ್ಚೇನೂ ಬರಲಿಲ್ಲ. ಡಾಕ್ಟರು ನಿಲ್ಲಿಸೋಣ ಎಂದರು. ಆ ದಿನ ಬಸ್ಸಿನಲ್ಲಿ ಬರುವಾಗ ಅವಳಿಗೆ ಹೇಗೆ ಹೇಳಲಿ ಎಂದು ಒದ್ದಾಡುತ್ತಿದ್ದೆ. ಅವಳೇ ನೋಟ್‌ಬುಕ್ ಇಸಿದುಕೊಂಡು, ಕೈಯ ಸಾಲಿನ ಕೆಳಗೆ ಸ್ಕೇಲ್ ಇಲ್ಲದೆ ಒಂದು ಸೊಟ್ಟ ಗೆರೆ ಎಳೆದಳು. "ಗುರುವಾರ ಡ್ರಾಯಿಂಗ್ ಕ್ಲಾಸಿಗೆ ಸೇರಿಸ್ತೀಯಾ ಅಮ್ಮಾ, ಇನ್ನು ಆ ದಿನ ಫ್ರೀ ಅಲ್ವಾ?" ಎಂದಳು.